ಯುವರ್ಸ್ ಟ್ರೂಲಿ, ಜಾನಿ ಡಾಲರ್

ಅಮೆರಿಕದ ಸಿಬಿಎಸ್ ರೇಡಿಯೊ ಜಾಲದಲ್ಲಿ 1949ರ ಫೆಬ್ರವರಿಯಿಂದ 1962ರ ಸೆಪ್ಟೆಂಬರ್‌ವರೆಗೆ, ನಡುವೆ ಒಂದು ವರ್ಷದ ಬಿಡುವಿನೊಂದಿಗೆ, ಬಿತ್ತರಗೊಂಡ ಪತ್ತೇದಾರಿ ನಾಟಕ ಸರಣಿ. ನಾಯಕ ಜಾನಿ ಡಾಲರ್ ಪೊಲೀಸನಲ್ಲ. ವಿಮಾ ಕಂಪನಿಗಳ ಪರವಾಗಿ ಸಂಶಯಾಸ್ಪದ ಕ್ಲೇಮುಗಳನ್ನು ತನಿಖೆ ಮಾಡುವವನು. ವಿಮಾ ವ್ಯವಹಾರಕ್ಕೆ ಹೆಸರಾದ ಕನೆಟಿಕಟ್‌ನ ಹಾರ್ಟ್‌ಫರ್ಡ್ ಅವನ ಊರು.

ಸರಣಿಯ ಜಾಣ್ಮೆಯೆಲ್ಲ ಅದರ ನಿರೂಪಣಾ ತಂತ್ರದಲ್ಲಿದೆ. ಇಡೀ ಕತೆ ಕಂಪನಿಗೆ ಸಲ್ಲಿಸುವ ಖರ್ಚಿನ ಪಟ್ಟಿಯಾಗಿ ಬಿಚ್ಚಿಕೊಳ್ಳುತ್ತದೆ. ಟ್ಯಾಕ್ಸಿಗೆ ಇಷ್ಟು, ವಿಮಾನದ ಟಿಕೆಟ್ಟಿಗೆ ಇಷ್ಟು ಎನ್ನುತ್ತಲೇ ಕೊಲೆ, ಮೋಸ, ಬೆಂಕಿ ಅವಘಡಗಳ ವಿವರ ಬರುತ್ತದೆ. ಕೊನೆಗೆ ಒಟ್ಟು ಮೊತ್ತ, ಅದರ ಕೆಳಗೆ ಸಹಿ. ಆ ಸಹಿಯ ಸಾಲೇ ಸರಣಿಯ ಹೆಸರು. ಲೆಕ್ಕವನ್ನು ತುಸು ಉಬ್ಬಿಸುವ ಚಪಲವೂ ಜಾನಿಗಿತ್ತು.

ಮೊದಲಿಗೆ ಈ ಪಾತ್ರಕ್ಕೆ ದನಿಯಾದವರು ಚಾರ್ಲ್ಸ್ ರಸೆಲ್. ಆಗಿನ ಜಾನಿ ಹೋಟೆಲ್ ಮಾಣಿಗಳಿಗೆ ಬೆಳ್ಳಿ ಡಾಲರುಗಳನ್ನು ಎಸೆಯುವ ಶೋಕಿಲಾಲ. ಎಡ್ಮಂಡ್ ಓಬ್ರಿಯನ್, ಜಾನ್ ಲಂಡ್ ಆಮೇಲೆ ಬಂದರು. 1955ರ ಅಕ್ಟೋಬರ್‌ನಲ್ಲಿ ಜ್ಯಾಕ್ ಜಾನ್‌ಸ್ಟೋನ್ ನಿರ್ದೇಶನದಲ್ಲಿ ಬಾಬ್ ಬೇಲಿ ನಾಯಕರಾದ ಮೇಲೆ ಸರಣಿಗೆ ಜೀವಕಳೆ ಬಂತು. ಸುಮಾರು ಒಂದು ವರ್ಷ ಕಾಲ, ದಿನಕ್ಕೆ 15 ನಿಮಿಷದಂತೆ ವಾರಕ್ಕೆ ಐದು ಕಂತುಗಳಲ್ಲಿ ಒಂದೊಂದು ಪ್ರಕರಣ ಸಾಗಿತು. ಪಾತ್ರಗಳಿಗೆ ಉಸಿರಾಡಲು ಜಾಗ ಸಿಕ್ಕ ಈ ಅವಧಿಯೇ ಸರಣಿಯ ಶ್ರೇಷ್ಠ ಭಾಗ. 1960ರ ಕೊನೆಯಲ್ಲಿ ನಿರ್ಮಾಣ ಹಾಲಿವುಡ್‌ನಿಂದ ನ್ಯೂಯಾರ್ಕ್‌ಗೆ ಸ್ಥಳಾಂತರವಾದಾಗ ಬೇಲಿ ಹೊರನಡೆದರು. ಬಾಬ್ ರೆಡಿಕ್, ಮ್ಯಾಂಡೆಲ್ ಕ್ರೇಮರ್ ಮುಂದುವರಿಸಿದರು.

ಕೊನೆಯ ಕಂತು 1962ರ ಸೆಪ್ಟೆಂಬರ್ 30ರಂದು ಪ್ರಸಾರವಾಯಿತು. ಅದೇ ಸಂಜೆ ‘ಸಸ್ಪೆನ್ಸ್’ ಎಂಬ ಇನ್ನೊಂದು ರೇಡಿಯೊ ನಾಟಕ ಸರಣಿಯೂ ಮುಗಿಯಿತು. ಅಮೆರಿಕದ ರೇಡಿಯೊ ನಾಟಕದ ಸುವರ್ಣಯುಗ ಅಂದಿಗೆ ಕೊನೆಗೊಂಡಿತೆಂದು ಸಾಮಾನ್ಯವಾಗಿ ಎಣಿಸಲಾಗುತ್ತದೆ.