ಕ್ರೀಡೆಯಲ್ಲಿ ತಲೆಗೆ ಪೆಟ್ಟು (ಕನ್ಕಷನ್): ಚೇತರಿಕೆಯಲ್ಲಿ ಏರೋಬಿಕ್ ವ್ಯಾಯಾಮ

ಕನ್ಕಷನ್ ಎಂದರೇನು?
ತಲೆ, ಕುತ್ತಿಗೆ ಅಥವಾ ದೇಹಕ್ಕೆ ತಗಲಿದ ಪೆಟ್ಟಿನ ರಭಸವು ಮಿದುಳಿಗೆ ತಲುಪಿ, ಅದರ ಕಾರ್ಯದಲ್ಲಿ ಉಂಟಾಗುವ ವ್ಯತ್ಯಯವೇ ಕನ್ಕಷನ್. ತಲೆನೋವು, ತಲೆಸುತ್ತು, ಗೊಂದಲ, ಮರೆವು, ವಾಕರಿಕೆ ಇದರ ಲಕ್ಷಣಗಳು. ಪ್ರಜ್ಞೆ ತಪ್ಪದೆಯೂ ಇದು ಸಂಭವಿಸಬಹುದು, ಸಿ.ಟಿ. ಸ್ಕ್ಯಾನ್‌ನಲ್ಲಿ ಕಾಣದೆಯೂ ಇರಬಹುದು. 2021ರ ಆಗಸ್ಟ್‌ನಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಅಭ್ಯಾಸದ ವೇಳೆ ಚೆಂಡು ಹೆಲ್ಮೆಟ್‌ಗೆ ಬಡಿದುದರಿಂದ ಕರ್ನಾಟಕದ ಮಯಾಂಕ್ ಅಗರ್‌ವಾಲ್ ಅವರನ್ನು ಮೊದಲ ಟೆಸ್ಟ್ ಪಂದ್ಯದಿಂದ ಹೊರಗಿಡಲಾಯಿತು. ಕೌಜಲಗಿ, ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ಭಾಗದ ಕಬಡ್ಡಿ, ಕುಸ್ತಿ ಪಟುಗಳಿಗೂ ಇದೇ ನಿಯಮ ಅನ್ವಯಿಸುತ್ತದೆ: ಪೆಟ್ಟಾದ ದಿನ ಮತ್ತೆ ಕಣಕ್ಕೆ ಇಳಿಯತಕ್ಕದ್ದಲ್ಲ.

ವಿಶ್ರಾಂತಿ ಎಷ್ಟು?
ಲಕ್ಷಣಗಳು ಪೂರ್ಣ ಹೋಗುವವರೆಗೆ ಕತ್ತಲೆ ಕೋಣೆಯಲ್ಲಿ ಮಲಗಿಸುವ ಹಿಂದಿನ ಪದ್ಧತಿಯನ್ನು ಈಗ ಕೈಬಿಡಲಾಗಿದೆ. 2022ರ ಆಮ್‌ಸ್ಟರ್‌ಡ್ಯಾಮ್ ಅಂತರರಾಷ್ಟ್ರೀಯ ಸಮ್ಮೇಳನದ ಒಮ್ಮತದಂತೆ 24ರಿಂದ 48 ಗಂಟೆಗಳ ಸಾಪೇಕ್ಷ ವಿಶ್ರಾಂತಿ ಸಾಕು. ಈ ಅವಧಿಯಲ್ಲಿಯೂ ಲಘು ನಡಿಗೆಗೆ ಅಡ್ಡಿಯಿಲ್ಲ. 103 ಹದಿಹರೆಯದ ಕ್ರೀಡಾಪಟುಗಳ ಕುರಿತ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಏರೋಬಿಕ್ ವ್ಯಾಯಾಮ ಮಾಡಿದವರ ಚೇತರಿಕೆಯ ಮಧ್ಯಾಂಕ 13 ದಿನ, ಕೇವಲ ಅಂಗ ಚಾಚುವ ವ್ಯಾಯಾಮ ಮಾಡಿದವರದು 17 ದಿನ.

ಅನುಸರಿಸಬೇಕಾದ ಹಂತಗಳು
1. ನಿತ್ಯದ ಲಘು ಚಟುವಟಿಕೆ.
2. ನಡಿಗೆ ಅಥವಾ ಸ್ಥಿರ ಸೈಕಲ್: ಮೊದಲು ಗರಿಷ್ಠ ಹೃದಯ ಬಡಿತದ ಶೇ. 55, ನಂತರ ಶೇ. 70ರವರೆಗೆ.
3. ತಲೆಗೆ ಪೆಟ್ಟು ಬೀಳುವ ಸಂಭವವಿಲ್ಲದ, ಒಬ್ಬರೇ ಮಾಡುವ ಕ್ರೀಡಾಭ್ಯಾಸ.
4. ದೇಹ ಸಂಪರ್ಕವಿಲ್ಲದ ತಂಡದ ಅಭ್ಯಾಸ.
5. ಪೂರ್ಣ ಅಭ್ಯಾಸ.
6. ಪಂದ್ಯ.

ಪ್ರತಿ ಹಂತಕ್ಕೂ ಕನಿಷ್ಠ 24 ಗಂಟೆಗಳ ಅವಧಿ ಅಗತ್ಯ. 4ನೇ ಹಂತವನ್ನು ಲಕ್ಷಣಗಳೆಲ್ಲ ನಿಂತ ನಂತರವೇ ಆರಂಭಿಸತಕ್ಕದ್ದು. 5ನೇ ಹಂತಕ್ಕೆ ಮುನ್ನ ವೈದ್ಯರ ಅನುಮತಿ ಕಡ್ಡಾಯ.

ಬಡಿತದ ಲೆಕ್ಕ
220ರಿಂದ ವಯಸ್ಸನ್ನು ಕಳೆಯಬೇಕು. 16 ವರ್ಷದವರಿಗೆ ಗರಿಷ್ಠ ಬಡಿತ 204, ಅದರ ಶೇ. 55 ಎಂದರೆ ನಿಮಿಷಕ್ಕೆ ಸುಮಾರು 112, ಶೇ. 70 ಎಂದರೆ ಸುಮಾರು 143. ವ್ಯಾಯಾಮದಿಂದ ಲಕ್ಷಣಗಳು 10 ಅಂಕಗಳ ಮಾಪನದಲ್ಲಿ 2 ಅಂಕಗಳಿಗಿಂತ ಹೆಚ್ಚು ಏರಿದರೆ ನಿಲ್ಲಿಸಿ, ಮರುದಿನ ಮುಂದುವರಿಸಬಹುದು.

ಅಪಾಯದ ಸೂಚನೆಗಳು
ಪದೇ ಪದೇ ವಾಂತಿ, ಫಿಟ್ಸ್, ಹೆಚ್ಚುತ್ತಿರುವ ತಲೆನೋವು, ಕುತ್ತಿಗೆ ನೋವು, ಎರಡೆರಡಾಗಿ ಕಾಣುವುದು, ಕೈಕಾಲುಗಳ ನಿಶ್ಶಕ್ತಿ ಅಥವಾ ಪ್ರಜ್ಞೆ ಕುಂದುವುದು ಕಂಡುಬಂದಲ್ಲಿ ವ್ಯಾಯಾಮದ ಪ್ರಶ್ನೆಯೇ ಇಲ್ಲ. ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸತಕ್ಕದ್ದು. ಚಿಕಿತ್ಸೆಗೆ ಬರುವಾಗ ಆಧಾರ್ ಹಾಗೂ ಪಡಿತರ ಚೀಟಿಯನ್ನು ಜೊತೆಯಲ್ಲಿ ತರುವುದು. ದಾಖಲೆಗಳನ್ನು ಹುಡುಕುವ ಕಾರಣಕ್ಕೆ ವಿಳಂಬ ಮಾಡಬಾರದು.