ಶಶಿರೇಖೆಯೂ ನಮ್ಮ ಕನಕಾಂಗಿಯೂ

ಹೈದರಾಬಾದಿಗೆ ವರ್ಗವಾಗಿ ಬಂದ ಹೊಸದರಲ್ಲಿ ಬ್ಯಾಂಕಿನ ತೆಲುಗು ಮಿತ್ರರು "ಮಾಯಾಬಜಾರ್ ನೋಡಿದ್ದೀರಾ?" ಅಂತ ಕೇಳುತ್ತಿದ್ದರು. ಇಲ್ಲ ಅಂದರೆ ಅಯ್ಯೋ ಪಾಪ ಅನ್ನುವ ಮುಖ. ಹಳೇ ಪೌರಾಣಿಕ, ಅದರಲ್ಲೇನು ಮಹಾ ಅಂತ ಸುಮ್ಮನಿದ್ದೆ. ಕೊನೆಗೆ ನೋಡಿದ್ದು 2010ರಲ್ಲಿ, ಬಣ್ಣ ಹಾಕಿದ ಪ್ರತಿ ಬಿಡುಗಡೆಯಾದಾಗ, ಕೊಂಡಾಪುರದ ನೆರೆಮನೆಯವರ ಒತ್ತಾಯಕ್ಕೆ. ಆರನೇ ಕ್ಲಾಸಿನ ಮಗಳೂ ಜೊತೆಗಿದ್ದಳು.

ಸ್ವಲ್ಪ ಹೊತ್ತಿನಲ್ಲೇ ಅನ್ನಿಸಿತು, ಅರೆ, ಈ ಕಥೆ ನನಗೆ ಗೊತ್ತಲ್ಲ! ಊರ ಗದ್ದೆಯಲ್ಲಿ ನಿದ್ದೆಗೆಟ್ಟು ನೋಡಿದ 'ಕನಕಾಂಗಿ ಕಲ್ಯಾಣ' ಯಕ್ಷಗಾನ. ಬಲರಾಮನ ಮಗಳು ನಮ್ಮಲ್ಲಿ ಕನಕಾಂಗಿ, ತೆಲುಗರಿಗೆ ಶಶಿರೇಖೆ, ತಮಿಳರಿಗೆ ವತ್ಸಲೆ. ವ್ಯಾಸಭಾರತದಲ್ಲಿ ಈ ಮದುವೆಯೇ ಇಲ್ಲ. ಜನ ಕಟ್ಟಿಕೊಂಡ ಕಥೆ, ಹಾಗಾಗಿ ಎಲ್ಲರದ್ದೂ. ಸುರಭಿ ನಾಟಕದವರು ಇದನ್ನು ರಂಗದ ಮೇಲೆ ಆಡುತ್ತಾ ಬಂದಿದ್ದಾರೆ, 1936ರಲ್ಲೇ ತೆಲುಗಿನಲ್ಲಿ ಒಮ್ಮೆ ಸಿನಿಮಾ ಆಗಿತ್ತು.

ಆದರೆ ನಿಂತದ್ದು 1957ರದ್ದು. ಮದ್ರಾಸಿನ ವಿಜಯಾ ಸಂಸ್ಥೆಯ ಚಿತ್ರ, ನಿರ್ದೇಶಕ ಕೆ.ವಿ. ರೆಡ್ಡಿ. ಎನ್‌ಟಿಆರ್ ಕೃಷ್ಣ, ನಾಗೇಶ್ವರರಾವ್ ಅಭಿಮನ್ಯು, ಎಸ್.ವಿ. ರಂಗಾರಾವ್ ಘಟೋತ್ಕಚ. ಮಾರ್ಕಸ್ ಬಾರ್ಟ್ಲಿ ಕಂಪ್ಯೂಟರಿಲ್ಲದ ಕಾಲದಲ್ಲಿ ಲಾಡುಗಳನ್ನು ಘಟೋತ್ಕಚನ ಬಾಯಿಗೆ ಹಾರಿಸಿದರು. ನನಗೆ ಅದಕ್ಕಿಂತ ಹಿಡಿಸಿದ್ದು ಸಾವಿತ್ರಿ. ಘಟೋತ್ಕಚನೇ ಶಶಿರೇಖೆಯ ರೂಪ ತಾಳಿದಾಗ ಅದೇ ಹುಡುಗಿಯ ನಡಿಗೆಯಲ್ಲಿ ರಾಕ್ಷಸ ಇಣುಕುತ್ತಾನೆ, ಮರುಕ್ಷಣ ನಾಚಿಕೊಳ್ಳುತ್ತಾನೆ. ಯಾವ ಟ್ರಿಕ್ಕೂ ಇಲ್ಲ, ಬರೀ ನಟನೆ.

ಇನ್ನು ಪಿಂಗಳಿ ನಾಗೇಂದ್ರರಾವ್ ಅವರ ಮಾತು. ನಾವು ಕಾಫಿ ಗೀಫಿ ಅನ್ನುತ್ತೇವಲ್ಲ, ಇಲ್ಲಿ ಕಂಬಳಿಯ ಜೊತೆ ನಿಜಕ್ಕೂ ಒಂದು ಗಿಂಬಳಿ ಇದೆ, ತಲ್ಪದ ಜೊತೆ ಗಿಲ್ಪ. ಬೀಗರನ್ನು ಆಟವಾಡಿಸಲೆಂದೇ ಮಾಡಿದ ಸಾಮಾನುಗಳು! ನಗಲು ತೆಲುಗು ಪೂರ್ತಿ ಬರಬೇಕಿಲ್ಲ. ಮೇಲೆ ನಿಂತವರಿಂದ ನಿಜ ಹೇಳಿಸುವ ಸತ್ಯಪೀಠವೂ ಉಂಟು. ಶಕುನಿ ಅದರ ಮೇಲೆ ಸಿಕ್ಕಿಬೀಳುತ್ತಾನೆ. ಸಾಲದ ಅರ್ಜಿ ನೋಡುವ ನನ್ನ ಮೇಜಿನೆದುರಿಗೆ ಅಂಥದ್ದೊಂದು ಬೇಕಿತ್ತು ಅಂತ ಎಷ್ಟು ಸಲ ಅಂದುಕೊಂಡಿದ್ದೇನೋ.

ಪಾಂಡವರ ಸಂಪತ್ತು ಹೋದ ಕೂಡಲೇ ಬಲರಾಮನ ಮನೆಯವರು ಕೊಟ್ಟ ಮಾತು ಮರೆಯುತ್ತಾರೆ. ಆದರೆ ಆ ಪಾಂಡವರು ಚಿತ್ರದಲ್ಲಿ ಒಮ್ಮೆಯೂ ಕಾಣುವುದಿಲ್ಲ. ಕಾಣುವುದು ಮದುವೆ ಮನೆ ಮಾತ್ರ. ಆಸ್ತಿ ನೋಡಿ ಸಂಬಂಧ ಬದಲಿಸುವವರನ್ನು ಯಾರು ಕಂಡಿಲ್ಲ ಹೇಳಿ? ಅವರನ್ನು ಕೊಲ್ಲದೆ, ನಾಲ್ಕು ಜನರೆದುರು ಪೆಚ್ಚಾಗಿಸಿ ಬಿಡುತ್ತಾರೆ. 2013ರಲ್ಲಿ ಸಿಎನ್‌ಎನ್-ಐಬಿಎನ್ ವಾಹಿನಿಯ ಮತಗಣನೆಯಲ್ಲಿ ಭಾರತದ ಶ್ರೇಷ್ಠ ಚಿತ್ರವೆಂದು ಜನ ಇದನ್ನೇ ಆರಿಸಿದ್ದು ನನಗೇನೂ ಆಶ್ಚರ್ಯವಾಗಲಿಲ್ಲ.

ಇದು ಕನ್ನಡಕ್ಕೂ ಡಬ್ ಆಗಿತ್ತು. ಆಮೇಲೆ ಅರವತ್ತರ ದಶಕದ ಡಬ್ಬಿಂಗ್ ವಿರೋಧಿ ಹೋರಾಟದಿಂದ ಆ ದಾರಿ ದಶಕಗಳ ಕಾಲ ಮುಚ್ಚಿತು. ಹೋರಾಟ ತಪ್ಪೆನ್ನಲಾರೆ, ಕನ್ನಡ ಚಿತ್ರರಂಗ ಉಳಿಯಬೇಕಿತ್ತು. ಆದರೆ ಊರು ಬಿಟ್ಟ ನಮ್ಮ ಮಕ್ಕಳಿಗೆ ಈ ಕಥೆ ತೆಲುಗಿನಲ್ಲೇ ಮೊದಲು ಸಿಕ್ಕಿತು. ಕನಕಾಂಗಿ ಹೆಸರು ನನ್ನ ಮಗಳಿಗೆ ಗೊತ್ತೇ ಇರಲಿಲ್ಲ. ಅದು ನನಗೆ ಚುಚ್ಚಿತು, ಸುಳ್ಳೇಕೆ ಹೇಳಲಿ.

ಮುಂದಿನ ವರ್ಷ ಊರಿಗೆ ಹೋದಾಗ ಬೇಕೆಂದೇ ಆಟಕ್ಕೆ ಕರೆದೊಯ್ದೆ. ಅರ್ಧ ರಾತ್ರಿ, ಅವಳಿಗೆ ತೂಕಡಿಕೆ. ಚೆಂಡೆ ಜೋರಾಯಿತು, ಅಟ್ಟಹಾಸ ಕೊಡುತ್ತಾ ಘಟೋತ್ಕಚ ರಂಗಸ್ಥಳಕ್ಕೆ ನುಗ್ಗಿದ. ಮಗಳು ಎದ್ದು ಕೂತು ಕಿರುಚಿದಳು:

"ಅಪ್ಪಾ, ರಂಗಾರಾವ್ ಬಂದ್ರು!"