ಹಳೇ ಕಾಯಿಲೆ ತಾನೆ!

ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಬೊಪ್ಪದೇವ ತಂದೆ ಗಂಗರಾಜನ ನೆನಪಿಗಾಗಿ ಕಟ್ಟಿಸಿದ. ಅದರ ನುಣುಪಾದ ಕಂಬಗಳಲ್ಲಿ ನಮ್ಮ ಮುಖ ಸೊಟ್ಟಗೆ ಕಾಣುತ್ತದೆ. ಹರೆಯದಿಂದಲೂ ಸ್ಕಿಜೋಫ್ರೇನಿಯಾ ಇದ್ದ ನಮ್ಮ ಚಿಕ್ಕಮ್ಮನನ್ನೂ ನಾವು ಹಾಗೆಯೇ ಕಂಡೆವು. ವಯಸ್ಸಾಗಿ ಮರೆವು ಹೆಚ್ಚಿದಾಗ ‘ಹಳೇ ಕಾಯಿಲೆ ತಾನೆ’ ಎಂದು ಸುಮ್ಮನಾದೆವು.

ಈ ಮಾತಿಗೂ ಒಂದು ಇತಿಹಾಸವಿದೆ. 1890ರ ದಶಕದಲ್ಲಿ ಜರ್ಮನಿಯ ಕ್ರೇಪೆಲಿನ್ ಈ ಕಾಯಿಲೆಗೆ ‘ಎಳವೆಯ ಅರಳುಮರಳು’ ಎಂಬರ್ಥದ ಹೆಸರನ್ನೇ ಕೊಟ್ಟಿದ್ದರು. ಎಲ್ಲರ ಬುದ್ಧಿಯೂ ಹಾಗೆ ಕುಂದುವುದಿಲ್ಲವೆಂದು ಕಂಡ ಸ್ವಿಟ್ಜರ್ಲೆಂಡಿನ ಬ್ಲಾಯ್ಲರ್ 1908ರಲ್ಲಿ ಸ್ಕಿಜೋಫ್ರೇನಿಯಾ ಎಂಬ ಹೊಸ ಹೆಸರಿಟ್ಟರು. ಹಳೆಯ ಹೆಸರು ಹೋಯಿತು, ನಂಬಿಕೆ ಉಳಿಯಿತು.

ನರತಂತು ಸವೆದಾಗ ರಕ್ತಕ್ಕೆ ಸೇರುವ ನ್ಯೂರೋಫಿಲಮೆಂಟ್, ಆಲ್‌ಝೈಮರ್ಸ್‌ನ ಸುಳಿವು ಕೊಡುವ ಟಾವ್ ಎಂಬ ಪ್ರೋಟೀನುಗಳನ್ನು ಅಳೆದು, ಇಂಥವರ ಮರೆವು ಹಳೆಯ ಕಾಯಿಲೆಯದೋ ಹೊಸದೋ ಎಂದು ವಿಜ್ಞಾನಿಗಳು ಈಗ ಹುಡುಕುತ್ತಿದ್ದಾರೆ. ಅದು ನಮ್ಮ ಕೈಗೆಟುಕುವವರೆಗೆ ಬಿ12, ಥೈರಾಯ್ಡ್ ಪರೀಕ್ಷೆಗಳಾದರೂ ಇವೆ. ಆ ಕೊರತೆಯಿಂದ ಬಂದ ಮರೆವಿಗೆ ಮದ್ದಿದೆ. ಚಿಕ್ಕಮ್ಮನಿಗೆ ನಾವು ಅಷ್ಟನ್ನೂ ಮಾಡಿಸಲಿಲ್ಲ. ನೀವು ಮಾಡಿಸಿ.